ಬಿಳಿ ಮಾಸ್ಟರ್‌ಬ್ಯಾಚ್ ಕೊಳ್ಳುವವರೇ, ‘ಸೆವೆಂಟಿ ಪರ್ಸೆಂಟ್’ ಮಾತು ನಂಬಬೇಡಿ

ಮೈಸೂರು, ಮಂಡ್ಯ, ನಂಜನಗೂಡು ಕಡೆ ಪ್ಲಾಸ್ಟಿಕ್ ಮೋಲ್ಡಿಂಗ್ ಮಾಡುವವರು ದಯವಿಟ್ಟು ಇದನ್ನು ಓದಿ. ಮಾಸ್ಟರ್‌ಬ್ಯಾಚ್ ಅಂದರೆ ಪ್ಲಾಸ್ಟಿಕ್ಕಿಗೆ ಬಣ್ಣ ಬರಲು ಬೆರೆಸುವ ಕಾಳು. ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ನಾಚಿಕೆ ಆಗುತ್ತದೆ. 14 ವರ್ಷದಿಂದ ಇದೇ ಕೆಲಸದಲ್ಲಿ ಇರುವವನು ನಾನು. ಬಿಳಿ ಬಣ್ಣದಲ್ಲಿ ಒಬ್ಬ ಡೀಲರ್ ನನಗೇ ಟೋಪಿ ಹಾಕಿ ಹೋದರು. ಆದರೆ ಅದೇ ಮನುಷ್ಯ ನಂಜನಗೂಡಿನ ನನ್ನ ಸ್ನೇಹಿತನ ಹತ್ತಿರವೂ ಅದೇ ಮಾತು ಆಡಿದ್ದಾನೆ ಅಂತ ನಿನ್ನೆ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದು ಎರಡು ಮಷೀನಿನ ಚಿಕ್ಕ ಶೆಡ್ಡು. ಮಂಡ್ಯದ ಒಬ್ಬ ಬೆಲ್ಲದ ವ್ಯಾಪಾರಿಗೆ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಡಬ್ಬ ಮಾಡಿ ಕೊಡುತ್ತೇನೆ. ಬೆಲ್ಲದ ಪುಡಿ ತುಂಬುವ ಬಿಳಿ ಡಬ್ಬ, ಮುಚ್ಚಳ ಡಬ್ಬಕ್ಕೇ ಅಂಟಿಕೊಂಡಿರುತ್ತದೆ. ಅವರು ಕೇಳುವುದು ಒಂದೇ. ಒಳಗಿನ ಬೆಲ್ಲದ ಬಣ್ಣ ಹೊರಗೆ ಕಾಣಬಾರದು. ನಾನು ಹಳೆಯ ಮಾಸ್ಟರ್‌ಬ್ಯಾಚನ್ನು 100 ಕೆಜಿಗೆ 2 ಕೆಜಿ ಹಾಕುತ್ತಿದ್ದೆ. ಕೆಜಿಗೆ 205 ರೂಪಾಯಿ. ಒಂದು ದಿನವೂ ತೊಂದರೆ ಬಂದಿರಲಿಲ್ಲ.

ಹೋದ ತಿಂಗಳು ಬೆಂಗಳೂರಿನಿಂದ ಒಬ್ಬ ಡೀಲರ್ ಬಂದರು. ಹೆಸರು ಹಾಕುವುದಿಲ್ಲ. ಒಳ್ಳೆಯ ಮಾತು, ಕಾಫಿ ಕುಡಿದು ಅರ್ಧ ಗಂಟೆ ಕೂತರು. “ಸೆವೆಂಟಿ ಪರ್ಸೆಂಟ್ ಲೋಡಿಂಗ್ ಸರ್, 128ಕ್ಕೆ ಕೊಡ್ತೀನಿ, ಸ್ಯಾಂಪಲ್ ಹಾಕಿ ನೋಡಿ” ಅಂದರು. ಲೋಡಿಂಗ್ ಅಂದರೆ ಕಾಳಿನೊಳಗೆ ತುಂಬಿರುವ ಪುಡಿಯ ಪಾಲು. ಒಂದು ಕೆಜಿ ಸ್ಯಾಂಪಲ್ ಕೊಟ್ಟರು. ಹಾಕಿ ನೋಡಿದೆ. ಚೆನ್ನಾಗಿತ್ತು, ನಿಜವಾಗಲೂ ಚೆನ್ನಾಗಿತ್ತು. ಮೊಬೈಲ್ ಟಾರ್ಚ್ ಒಳಗಿಟ್ಟು ನೋಡಿದರೂ ಬೆಳಕು ಹೊರಗೆ ಬರಲಿಲ್ಲ. 25 ಕೆಜಿಯ ನಾಲ್ಕು ಮೂಟೆ ಆರ್ಡರ್ ಮಾಡಿದೆ. ದುಡ್ಡು ಮುಂಚೆಯೇ ಹಾಕಿದೆ.

ಮೂಟೆ ಬಂತು. ಬಿಚ್ಚಿ ನೋಡಿದರೆ ಕಾಳು ಸ್ಯಾಂಪಲ್‌ಗಿಂತಲೂ ಬೆಳ್ಳಗೆ! ಸ್ವಲ್ಪ ನೀಲಿ ಹೊಡೆಯುವ ಬಿಳಿ, ನೀಲಿ ಹಾಕಿ ಒಗೆದ ಪಂಚೆ ಥರ. ನನಗೆ ಖುಷಿಯಾಯಿತು. ಅಲ್ಲೇ ನಾನು ಎಡವಿದ್ದು. ಆ ಹೊಳಪು ಟೈಟಾನಿಯಂದಲ್ಲ (ಮರೆ ಮಾಡುವ ಬಿಳಿ ಪುಡಿ ಟೈಟಾನಿಯಂ ಡೈಆಕ್ಸೈಡನ್ನು ನಾವು ಹಾಗೆ ಕರೆಯುವುದು), ಬಟ್ಟೆಗೆ ಹಾಕುವ ನೀಲಿಯ ಥರ ಬರೀ ಹೊಳಪು ಕೊಡುವ ಆಪ್ಟಿಕಲ್ ಬ್ರೈಟ್ನರ್‌ದು ಅಂತ ಆಮೇಲೆ ಗೊತ್ತಾಯಿತು. ಖೋಟಾ ನೋಟು ನೋಡುವ ನೇರಳೆ ಲೈಟು ಇರುತ್ತದಲ್ಲ, ಅದರ ಕೆಳಗೆ ಹಿಡಿದರೆ ಆ ಕಾಳು ನೀಲಿಯಾಗಿ ಉರಿದ ಹಾಗೆ ಕಾಣುತ್ತದೆ. ನನ್ನ ಹಳೆಯ ಕಾಳು ಹಾಗೆ ಹೊಳೆಯುವುದಿಲ್ಲ.

ರಾತ್ರಿ ಶಿಫ್ಟುಗಳಲ್ಲಿ 6,000 ಡಬ್ಬ ಓಡಿಸಿದೆವು. ಒಂದರೊಳಗೊಂದು ಇಟ್ಟು ಜೋಡಿಸಿದರೆ ಖಾಲಿ ಡಬ್ಬ ಬೆಳ್ಳಗೇ ಕಾಣುತ್ತದೆ, ಯಾರಿಗೂ ಅನುಮಾನ ಬರಲಿಲ್ಲ. ಗಾಡಿ ಮಂಡ್ಯಕ್ಕೆ ಹೋಯಿತು.

ಮಾರನೇ ದಿನ ಬೆಳಿಗ್ಗೆ ಫೋನು. “ಏನಪ್ಪ ಇದು, ಬೆಲ್ಲ ಎಲ್ಲಿಗಂಟ ತುಂಬಿವ್ನಿ ಅಂತ ಆಚೆಯಿಂದ್ಲೇ ಕಾಣ್ತದಲ್ಲಪ್ಪ!” ಬೈಕ್ ಹತ್ತಿ ಹೋದೆ. ಅವರ ಅಂಗಡಿ ಕಟ್ಟೆ ಮೇಲೆ ಹತ್ತು ಡಬ್ಬ ತುಂಬಿಸಿ ಇಟ್ಟಿದ್ದರು. ಕಂದು ಬಣ್ಣ, ಮಾಸಿದ ಪಂಚೆಯಲ್ಲಿ ಕಲೆ ಬಿದ್ದ ಹಾಗೆ. ಬೆಲ್ಲದ ಗೆರೆ ನೆಟ್ಟಗೆ ಕಾಣುತ್ತಿತ್ತು. ಅವರು ಬೈಯಲಿಲ್ಲ. ಅವರ ಮಗ ಒಂದು ಡಬ್ಬದೊಳಗೆ ದಿನಪತ್ರಿಕೆಯ ತುಂಡು ಇಟ್ಟು “ಅಣ್ಣ, ಹೆಡ್ಡಿಂಗ್ ಓದ್ಬೋದು ನೋಡಿ” ಅಂದ. ಓದಿದೆ. ಓದಲು ಆಗುತ್ತಿತ್ತು! ಅಷ್ಟು ಜನರ ಮುಂದೆ ನನಗೆ ತಲೆ ಎತ್ತಲು ಆಗಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅಲ್ಲಿಂದಲೇ ಡೀಲರ್‌ಗೆ ಫೋನ್ ಮಾಡಿದೆ. “ನಿಮ್ಮ ಬ್ಯಾರೆಲ್ ಟೆಂಪರೇಚರ್ ಜಾಸ್ತಿ ಇರ್ಬೇಕು ಸರ್” ಅಂದರು. ಬ್ಯಾರೆಲ್ ಅಂದರೆ ಮಷೀನಿನಲ್ಲಿ ಪ್ಲಾಸ್ಟಿಕ್ ಕರಗುವ ಕೊಳವೆ. ಹಳೆಯ ಮಾಲು ಓಡಿಸಿದ್ದೂ ಇದೇ ಟೆಂಪರೇಚರ್‌ನಲ್ಲಿ, ನಿಮ್ಮ ಸ್ಯಾಂಪಲ್ ಓಡಿಸಿದ್ದೂ ಇದರಲ್ಲೇ ಅಂದೆ. “ಹಾಗಾದ್ರೆ ಡೋಸಿಂಗ್ ಜಾಸ್ತಿ ಮಾಡಿ, 4, 5 ಹಾಕಿ, ಏನೂ ಆಗಲ್ಲ.” ಹಾಕಿದೆ. 100 ಕೆಜಿಗೆ 5 ಕೆಜಿ ಹಾಕಿದ ಮೇಲೆ ಬೆಲ್ಲದ ನೆರಳು ಸ್ವಲ್ಪ ಕಮ್ಮಿಯಾಯಿತು ಅಷ್ಟೇ. ಆದರೆ ಮುಚ್ಚಳ ಡಬ್ಬಕ್ಕೆ ಸೇರುವ ಮಡಿಕೆ ನಾಲ್ಕು ಸಲ ತೆಗೆದು ಹಾಕುವಷ್ಟರಲ್ಲಿ ಬಿರುಕು ಬಿಡಲು ಶುರುವಾಯಿತು. ಅದಕ್ಕೂ ಉತ್ತರ ಸಿದ್ಧವಾಗಿತ್ತು. “ಯುನಿವರ್ಸಲ್ ಕ್ಯಾರಿಯರ್ ಸರ್, ಎಲ್ಲದಕ್ಕೂ ಆಗುತ್ತೆ, ನಿಮ್ಮ ಪಿಪಿ ಗ್ರೇಡ್ ಚೆಕ್ ಮಾಡ್ಸಿ.” ಕ್ಯಾರಿಯರ್ ಅಂದರೆ ಕಾಳಿನಲ್ಲಿ ಪುಡಿಯನ್ನು ಹಿಡಿದಿಡುವ ಪ್ಲಾಸ್ಟಿಕ್. ಯುನಿವರ್ಸಲ್ ಅಂದರೆ ಪಾಲಿಥೀನ್ ಕ್ಯಾರಿಯರ್ ಅಂತ ಎರಡು ದಿನ ಬಿಟ್ಟು ಬಾಯಿ ಬಿಟ್ಟರು. ಪಿಪಿಗೆ ಪಿಪಿ ಕ್ಯಾರಿಯರ್ರೇ ಸರಿ. 2 ಹಾಕಿದಾಗ ಹೇಗೋ ನಡೆದು ಹೋಗಬಹುದು, 5 ಹಾಕಿದರೆ ಮಡಿಕೆಯಂಥ ತೆಳು ಜಾಗ ತಡೆಯುತ್ತದಾ? ಜೊತೆಗೆ ಅಷ್ಟು ಫಿಲ್ಲರ್, ಅಂದರೆ ತೂಕಕ್ಕೆ ತುಂಬುವ ಅಗ್ಗದ ಪುಡಿ ಬೇರೆ.

ಫಿಲ್ಲರ್ ಅಂದೆ ಅಲ್ವಾ. ಅದನ್ನು ನಾನೇ ಕಂಡುಹಿಡಿದೆ. ಶೆಡ್ಡಿನ ಹಿಂದೆ ಬಯಲಲ್ಲಿ, ಕಬ್ಬಿಣದ ಸೌಟಿನಲ್ಲಿ ಹತ್ತು ಕಾಳು ಹಾಕಿ ಪೂರ್ತಿ ಸುಟ್ಟೆ. ಬಿಳಿ ಬೂದಿ ಉಳಿಯಿತು. ಆರಿದ ಮೇಲೆ, ಟಾಯ್ಲೆಟ್ ತೊಳೆಯುವ ಆಸಿಡ್ಡಿಗೆ ನೀರು ಬೆರೆಸಿ ಎರಡು ಹನಿ ಬಿಟ್ಟೆ. ಬುಸ್ ಅಂತ ನೊರೆ ಎದ್ದಿತು. ಟೈಟಾನಿಯಂ ಡೈಆಕ್ಸೈಡ್ ಆ ಆಸಿಡ್ಡಿಗೆ ಮಿಸುಕುವುದಿಲ್ಲ. ನೊರೆ ಬಂದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣಕಲ್ಲಿನ ಪುಡಿ! ಹಳೆಯ ಕಾಳನ್ನೂ ಹಾಗೇ ಸುಟ್ಟು ನೋಡಿದೆ. ಸುಮ್ಮನಿತ್ತು. ಆ ನೊರೆ ನೋಡುತ್ತಾ ನಿಂತಾಗ ಹೊಟ್ಟೆ ಉರಿಯಿತು.

ಕಲ್ಲುಪುಡಿಯೂ ಬಿಳಿಯೇ ತಾನೆ ಅಂತ ಕೇಳಬಹುದು. ರಂಗೋಲಿ ಪುಡಿಗೆ ಎಣ್ಣೆ ಬೆರೆಸಿ ನೋಡಿ, ಬಿಳುಪು ಹೋಗಿ ಮಂಕಾಗುತ್ತದೆ. ಪ್ಲಾಸ್ಟಿಕ್ಕಿನಲ್ಲೂ ಹಾಗೇ. ಬೆಳಕನ್ನು ಬಗ್ಗಿಸುವ ಗುಣ ಪಿಪಿಗೆ ಸುಮಾರು 1.5, ಕಾರ್ಬೊನೇಟಿಗೆ ಸುಮಾರು 1.6. ವ್ಯತ್ಯಾಸ ತೀರಾ ಕಮ್ಮಿ, ಬೆಳಕು ಬಹುಪಾಲು ದಾಟಿ ಹೋಗುತ್ತದೆ. ರುಟೈಲ್ ಅನ್ನುವ ಬಗೆಯ ಟೈಟಾನಿಯಂದು 2.7. ಅದಕ್ಕೇ ಅದು ಮರೆ ಮಾಡುತ್ತದೆ, ಅದಕ್ಕೇ ಅದಕ್ಕೆ ಅಷ್ಟು ರೇಟು.

ನಮ್ಮ ಹೆಬ್ಬಾಳದಲ್ಲೇ ಪ್ಲಾಸ್ಟಿಕ್ ಟೆಸ್ಟ್ ಮಾಡಿಕೊಡುವ ಸರ್ಕಾರಿ ಸಂಸ್ಥೆ ಸಿಪೆಟ್ ಇದೆ. ಮೂಟೆ ಬಿಚ್ಚುವ ಮುಂಚೆ ಅಲ್ಲಿಗೆ ಕೊಡಬೇಕಿತ್ತು, ಎಲ್ಲ ಆದ ಮೇಲೆ ಕೊಟ್ಟೆ. ಬೂದಿ ಶೇ 68. ಆ 68ರಲ್ಲಿ ಟೈಟಾನಿಯಂ ಬರೀ 17.

ಇದನ್ನು ಡೀಲರ್‌ಗೆ ಹೇಳಿದಾಗ ಬಂದ ಉತ್ತರ ನಾನು ಸಾಯುವವರೆಗೂ ಮರೆಯುವುದಿಲ್ಲ. “ಸರ್, ಸೆವೆಂಟಿ ಪರ್ಸೆಂಟ್ ಲೋಡಿಂಗ್ ಅಂದಿದ್ದೆ. ಟೈಟಾನಿಯಂ ಅಂತ ಎಲ್ಲಿ ಹೇಳಿದ್ದೆ? ಬಿಲ್ ನೋಡಿ.” ಬಿಲ್ ನೋಡಿದೆ. ‘ವೈಟ್ ಎಂಬಿ’ (ಬಿಳಿ ಮಾಸ್ಟರ್‌ಬ್ಯಾಚ್) ಅಂತ ಅಷ್ಟೇ ಇತ್ತು. ನಿಜ, ಅವರ ಬಾಯಲ್ಲಿ ಆ ಅರ್ಧ ಗಂಟೆ ಟೈಟಾನಿಯಂ ಅನ್ನುವ ಮಾತೇ ಬಂದಿರಲಿಲ್ಲ. ನಾನೇ ಅಂದುಕೊಂಡಿದ್ದು. ಈ ಲೈನಿನಲ್ಲಿ ಬಿಳಿಗೆ 70 ಅಂದರೆ ಎಲ್ಲರೂ ಟೈಟಾನಿಯಂ ಅಂತಲೇ ತಿಳಿಯುತ್ತೇವೆ ಅಲ್ವಾ? ಅದು ಅವರಿಗೂ ಗೊತ್ತು. ಗೊತ್ತಿದ್ದೇ ಆಡಿದ ಮಾತು ಅದು. ಸರಿ, ಸ್ಯಾಂಪಲ್ ಯಾಕೆ ಬೇರೆ ಇತ್ತು ಅಂತ ಕೇಳಿದೆ. “ಬ್ಯಾಚ್ ವೇರಿಯೇಷನ್ ಸರ್.” ಟೆಸ್ಟ್ ಸರ್ಟಿಫಿಕೇಟ್ ಕೇಳಿದೆ. ಕಳಿಸಿದ್ದರಲ್ಲಿ ಬ್ಯಾಚ್ ನಂಬರೇ ನನ್ನ ಮೂಟೆಯದಲ್ಲ. ಬೆಲ್ಲ ತಿನ್ನುವ ವಸ್ತು, ಬಣ್ಣ ಐಎಸ್ 9833ಕ್ಕೆ (ಆಹಾರ ತಾಗುವ ಪ್ಲಾಸ್ಟಿಕ್ಕಿನ ಬಣ್ಣಕ್ಕಿರುವ ಭಾರತೀಯ ಮಾನದಂಡ) ಸರಿ ಇದೆ ಅಂತ ಪತ್ರ ಕೊಡಿ ಅಂದೆ. ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಬಣ್ಣ ಅದಕ್ಕೆ ಸರಿ ಇರಬೇಕು ಅಂತಲೇ ಇದೆ. “ಎಲ್ಲಾ ಫುಡ್ ಗ್ರೇಡೇ ಸರ್” ಅಂತ ಒಂದು ಮೆಸೇಜು. ಪತ್ರ ಇವತ್ತಿಗೂ ಬಂದಿಲ್ಲ. ಈಗ ಫೋನೂ ಎತ್ತುವುದಿಲ್ಲ.

ಲೆಕ್ಕ ಹೇಳುತ್ತೇನೆ ಕೇಳಿ. ಡಬ್ಬ 55 ಗ್ರಾಂ. 6,000 ಡಬ್ಬಕ್ಕೆ 330 ಕೆಜಿ. 2ರ ಲೆಕ್ಕದಲ್ಲಿ ಮಾಸ್ಟರ್‌ಬ್ಯಾಚ್ ಹಿಡಿದದ್ದು ಆರೂವರೆ ಕೆಜಿ ಚಿಲ್ಲರೆ. ಕೆಜಿಗೆ 77 ರೂಪಾಯಿ ಉಳಿತಾಯ. ಒಟ್ಟು ಸುಮಾರು 508 ರೂಪಾಯಿ. ಐನೂರ ಎಂಟು ರೂಪಾಯಿಗೆ 6,000 ಡಬ್ಬ ವಾಪಸ್ ಬಂದು ಗ್ರೈಂಡರ್‌ಗೆ ಬಿದ್ದವು. ಕರೆಂಟು, ಕೂಲಿ, ಎರಡು ಸಲದ ಗಾಡಿ ಬಾಡಿಗೆ, ಏಳು ವರ್ಷದ ಗಿರಾಕಿಯ ಮುಂದೆ ಹೋದ ಮಾನ. ಗ್ರೈಂಡರ್‌ನಿಂದ ಬಂದ ಆ ಪುಡಿಯನ್ನು ಇನ್ನು ಕಪ್ಪು ಮಾಲಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಹಾಕಲು ಆಗುವುದಿಲ್ಲ.

ಟೈಟಾನಿಯಂ ಎಷ್ಟು, ಫಿಲ್ಲರ್ ಎಷ್ಟು, ಕ್ಯಾರಿಯರ್ ಯಾವುದು, ಈ ಮೂರನ್ನೂ ಬೇರೆ ಬೇರೆಯಾಗಿ ಬಿಲ್ಲಿನಲ್ಲೇ ಬರೆಸಿ. ಬರೆಯಲ್ಲ ಅಂದವರ ಹತ್ತಿರ ಕೊಳ್ಳಲೇಬೇಡಿ, ಎಷ್ಟೇ ಸಿಹಿ ಮಾತಾಡಲಿ. ಬಿಸಿಲಿಗೆ ಇಡುವ ಕುರ್ಚಿ, ಟ್ಯಾಂಕು ಮಾಡುವವರು ರುಟೈಲ್ ಅಂತಲೂ ಬರೆಸಿ, ಅನಟೇಸ್ ಅನ್ನುವ ಇನ್ನೊಂದು ಬಗೆಯ ಟೈಟಾನಿಯಂ ಆದರೆ ಬಿಸಿಲಿಗೆ ಮೇಲ್ಮೈ ಪುಡಿ ಪುಡಿ ಏಳುತ್ತದೆ. ಸ್ಯಾಂಪಲ್ಲಿನ ಒಂದು ಹಿಡಿ ಕಾಳು ಡಬ್ಬಿಯಲ್ಲಿ ಎತ್ತಿಡಿ. ಮೂಟೆ ಬಂದ ದಿನವೇ ಎರಡನ್ನೂ ಸುಟ್ಟು ನೋಡಿ. ಮನೆಯೊಳಗೆ ಸುಡಬೇಡಿ, ಹೊಗೆ ಕೆಟ್ಟದ್ದು. 70 ಪರ್ಸೆಂಟ್ ಟೈಟಾನಿಯಂ ಇರುವ ಮಾಲು 128ಕ್ಕೆ ಹೇಗೆ ಕೊಡುತ್ತಾರೆ ಅಂತ ನಾನು ಒಂದು ನಿಮಿಷ ಕೂತು ಯೋಚಿಸಿದ್ದರೆ ಸಾಕಿತ್ತು. ಬರೀ ಆ ಟೈಟಾನಿಯಂ ಪುಡಿಗೇ ಅದಕ್ಕಿಂತ ಜಾಸ್ತಿ ದುಡ್ಡು ಬೀಳುತ್ತದೆ.

ಮೂರು ಮೂಟೆ ಇನ್ನೂ ಶೆಡ್ಡಿನ ಮೂಲೆಯಲ್ಲಿವೆ. ಹುಡುಗರು ಮರೆತು ಹಾಪರ್‌ಗೆ ಸುರಿಯಬಾರದು ಅಂತ ಕೆಂಪು ಪೇಂಟಿನಲ್ಲಿ ಗೀಟು ಎಳೆದಿದ್ದೇನೆ. ಹಳೆಯ ಮಾಸ್ಟರ್‌ಬ್ಯಾಚ್ ಹಾಕಿ ಡಬ್ಬ ಮತ್ತೆ ಓಡುತ್ತಿದೆ, ಈ ಸಲ ಖರ್ಚೆಲ್ಲ ನನ್ನದೇ. ಸೋಮವಾರ ಮಂಡ್ಯಕ್ಕೆ ನಾನೇ ಗಾಡಿಯ ಜೊತೆ ಹೋಗುತ್ತೇನೆ. ಬೆಲ್ಲ ತುಂಬಿಸಿ, ಅವರ ಮಗನ ಕೈಯಲ್ಲೇ ಪೇಪರ್ ಇಡಿಸಿ ತೋರಿಸಿ, ಆಮೇಲೆ ಇಳಿಸುತ್ತೇನೆ.