ಟೆಲಿ ಮಾನಸ್ 14416: ‘ನನ್ನಿಂದಲೇ ಹೀಗಾಯಿತು’ ಎನ್ನುವವರ ಮಾತಿಗೆ ಕಿವಿಗೊಡುವ ಸಹಾಯವಾಣಿ

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ಅಂದರೆ ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯು ಖಿನ್ನತೆ, ಆತಂಕ, ಪರೀಕ್ಷೆಯ ಭಯಗಳಿಗೆ ಮಾತ್ರ ಇರುವಂಥದ್ದು ಎಂದು ಅನೇಕರು ತಿಳಿದಿದ್ದಾರೆ. ನಮ್ಮ ಮನೆಗೆ ಅದು ಒದಗಿ ಬಂದದ್ದು ಅಪರಾಧಪ್ರಜ್ಞೆಯ ವಿಷಯದಲ್ಲಿ.

ಅಪ್ಪ ತೀರಿಕೊಳ್ಳುವ ಹಿಂದಿನ ರಾತ್ರಿ ಎದೆ ಉರಿಯುತ್ತಿದೆ ಎಂದಾಗ, ಅಮ್ಮ ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಜೀರಿಗೆ ಕಷಾಯ ಮಾಡಿಕೊಟ್ಟಿದ್ದರು. ಬೆಳಗಿನ ಜಾವ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ವೈಕುಂಠ ಸಮಾರಾಧನೆಯ ಮರುದಿನವೇ ಅಮ್ಮ ಸಾಂಬಾರ ಡಬ್ಬಿಯ ಜೀರಿಗೆ ಬಟ್ಟಲನ್ನು ಖಾಲಿ ಮಾಡಿ ತೊಳೆದಿಟ್ಟರು. ಅಂದಿನಿಂದ ಒಗ್ಗರಣೆಗೂ ಜೀರಿಗೆ ಬೀಳಲಿಲ್ಲ. ಬಂದ ನೆಂಟರೆಲ್ಲ ‘ಆಯಸ್ಸು ಮುಗಿದಿತ್ತು, ನಿಮ್ಮದೇನೂ ತಪ್ಪಿಲ್ಲ ಬಿಡಿ’ ಎಂದರು. ಪ್ರೀತಿಯಿಂದಲೇ ಹೇಳಿದ ಮಾತದು, ಆದರೆ ಅಮ್ಮ ಹೇಳಬೇಕೆಂದಿದ್ದುದನ್ನು ಅದು ಅಲ್ಲಿಗೇ ನಿಲ್ಲಿಸಿಬಿಡುತ್ತಿತ್ತು.

ಕರೆ ಸ್ವೀಕರಿಸಿದ ಆಪ್ತಸಮಾಲೋಚಕಿ ಆ ಮಾತನ್ನು ಹೇಳಲು ಅವಸರಪಡಲಿಲ್ಲ, ಮತ್ತು ಈ ಸೇವೆಯ ಬಗ್ಗೆ ನನಗೆ ಗೌರವ ಮೂಡಿದ್ದು ಅಲ್ಲಿಯೇ. ಅಮ್ಮನ ಒಪ್ಪಿಗೆಯಿಂದ ನಾನೂ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೆ. ಆ ರಾತ್ರಿ ಅವರು ಏನೆಂದರು, ಮೊದಲೂ ಹೀಗೆ ಉರಿ ಬರುತ್ತಿತ್ತೇ, ಆಗ ಏನು ಕೊಡುತ್ತಿದ್ದಿರಿ ಎಂದು ಆಕೆ ನಿಧಾನವಾಗಿ ಕೇಳುತ್ತ ಹೋದರು. ಎಷ್ಟೋ ಸಲ ಅದೇ ಕಷಾಯದಿಂದ ಉರಿ ಇಳಿದಿತ್ತು, ‘ಬೆಳಗ್ಗೆ ನೋಡೋಣ’ ಎಂದವರು ಅಪ್ಪನೇ ಎಂಬುದನ್ನು ಅಮ್ಮ ತಾವಾಗಿಯೇ ಹೇಳಿದರು. ಬೆಳಗ್ಗೆ ತಿಳಿದದ್ದು ರಾತ್ರಿಯೇ ತಿಳಿದಿತ್ತೆಂಬಂತೆ ಮನಸ್ಸು ಆಮೇಲೆ ಲೆಕ್ಕ ಹಾಕುತ್ತದೆ ಎಂದು ಆಕೆ ವಿವರಿಸಿದ್ದು ಅದಾದ ಮೇಲೆ. ಎದೆಯುರಿಯಂತೆ ತೋರುವ ಹೃದಯಾಘಾತವನ್ನು ಇಸಿಜಿ ಮುಂತಾದ ಪರೀಕ್ಷೆಗಳಿಲ್ಲದೆ ವೈದ್ಯರೂ ಖಚಿತವಾಗಿ ಹೇಳಲಾರರು ಎಂಬುದನ್ನು ಇಲ್ಲಿ ನಾನು ಸೇರಿಸಬೇಕು.

ಮಹಾಭಾರತದ ಶಾಂತಿಪರ್ವ ತೊಡಗುವುದು ಇಂಥದೇ ಸಂಕಟದಿಂದ. ಕರ್ಣನು ತನ್ನ ಅಣ್ಣನೆಂದು ಯುದ್ಧ ಮುಗಿದ ಮೇಲೆ ಕುಂತಿಯ ಬಾಯಿಂದ ಕೇಳಿದ ಧರ್ಮರಾಯ, ತಿಳಿಯದೆ ಆದದ್ದಕ್ಕೂ ತನ್ನನ್ನೇ ಹೊಣೆ ಮಾಡಿಕೊಂಡು, ಗೆದ್ದ ರಾಜ್ಯವನ್ನು ಬಿಟ್ಟು ಕಾಡಿಗೆ ಹೊರಡುತ್ತೇನೆನ್ನುತ್ತಾನೆ. ತಮ್ಮಂದಿರು, ದ್ರೌಪದಿ, ವ್ಯಾಸರು, ಕೃಷ್ಣ ಒಬ್ಬರಾದ ಮೇಲೊಬ್ಬರು ತಿಳಿಹೇಳಿದರೂ ಅವನ ಮನಸ್ಸು ಬೇಗನೆ ತಿಳಿಯಾಗುವುದಿಲ್ಲ. ದ್ರೋಣರಿಗೆ ತಿಳಿದೂ ತಿಳಿದೂ ಹೇಳಿದ ಅರ್ಧಸತ್ಯದ ಕೊರಗು ಬೇರೆಯೇ ಬಗೆಯದು. ಅದನ್ನು ‘ನಿನ್ನ ತಪ್ಪಲ್ಲ’ ಎಂದು ತಳ್ಳಿಹಾಕಲು ಬರುವುದಿಲ್ಲ. ಕಥೆ ಇವೆರಡಕ್ಕೂ ಸಾವಧಾನವಾಗಿ ಜಾಗ ಕೊಟ್ಟಿದೆ. ಸಾವಿನ ಮನೆಗಳಲ್ಲಿ ನಾವು ಮಾತ್ರ ಹದಿಮೂರನೆಯ ದಿನಕ್ಕೆ ಎಲ್ಲವೂ ಮುಗಿಯಿತೆಂದು ಭಾವಿಸುತ್ತೇವೆ.

14416 ಅಥವಾ 1800-891-4416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇಡೀ ಜಾಲದ ಮುಖ್ಯ ಕೇಂದ್ರವಾಗಿದ್ದು, ಅಗತ್ಯವಿದ್ದವರನ್ನು ಮನೋವೈದ್ಯರಿಗೂ ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಗಳಿಗೂ ಸೇರಿಸುವ ವ್ಯವಸ್ಥೆ ಇದೆ. ಕರೆ ಸಿಕ್ಕಿದೊಡನೆ ಭಾಷೆಯನ್ನು ಆರಿಸಿಕೊಳ್ಳುವ ಧ್ವನಿಸೂಚನೆ ಬರುವುದರಿಂದ, ವಯಸ್ಸಾದವರಿಗೆ ಮನೆಯವರು ಅದನ್ನು ಒತ್ತಿಕೊಟ್ಟು ಫೋನ್ ಅವರ ಕೈಗಿಡುವುದು ಒಳ್ಳೆಯದು.

ದೀರ್ಘಕಾಲದ ಚಿಕಿತ್ಸೆ ಬೇಕಾದವರಿಗೆ ಫೋನಿನ ಮಾತೊಂದೇ ಸಾಲದು. ಅವರು ವೈದ್ಯರನ್ನು ಮುಖತಃ ಕಾಣಲೇಬೇಕು. ಆದರೆ ಮನೆಯವರ ಮುಂದೆ ಆಡಲಾಗದ ಮಾತನ್ನು ಗುರುತಿಲ್ಲದ, ತರಬೇತಿ ಪಡೆದವರೊಬ್ಬರ ಮುಂದೆ ಮೊದಲ ಸಲ ಆಡಿಬಿಡಲು ಇದಕ್ಕಿಂತ ಸುಲಭವಾದ ಸೇವೆಯನ್ನು ನಾನು ಕಂಡಿಲ್ಲ. ಕೊರಗಿನ ಜೊತೆಗೆ ನಿದ್ದೆ, ಊಟ ಬಿಟ್ಟಿದ್ದರೆ ಅಥವಾ ಬದುಕು ಬೇಡವೆನಿಸುತ್ತಿದ್ದರೆ, ಕರೆ ಮಾಡಿದಾಗ ಅದನ್ನೇ ಮೊದಲು ಹೇಳಿ.