ಓದಲು ಬಾರದ ಕಾಗದಕ್ಕೆ ಸಹಿ ಹಾಕುವ ಮುನ್ನ

ಕನ್ನಡ ಶಾಲೆಯಲ್ಲಿ ಓದಿದ, ಮಲಯಾಳದಲ್ಲಿ ಮಾತನಾಡಲು ಬಂದರೂ ಲಿಪಿ ಓದಲು ಬಾರದ ಹಿರಿಯರು ಕಾಸರಗೋಡಿನ ನಮ್ಮ ಕಡೆ ಪ್ರತಿ ಮನೆಯಲ್ಲೂ ಇದ್ದಾರೆ. ಅವರನ್ನು ಕಚೇರಿಗೆ ಕರೆದೊಯ್ಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಚಿಕ್ಕಮ್ಮನಿಗೆ 54 ವರ್ಷ. ಚಿಕ್ಕಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಡಿಕೆ ಸುಲಿಯುವ ಕೂಲಿ ಬಿಟ್ಟರೆ ಆಗ ತಿಂಗಳಿಗೆ 1600 ರೂಪಾಯಿಯಂತೆ ಬರುತ್ತಿದ್ದ ವಿಧವಾ ಪಿಂಚಣಿಯೇ ಅವರಿಗೆ ಆಧಾರ. 60 ತುಂಬದವರು ತಾವು ಮರುಮದುವೆಯಾಗಿಲ್ಲವೆಂದು ವರ್ಷಕ್ಕೊಮ್ಮೆ ದೃಢಪಡಿಸಬೇಕಾದುದರಿಂದ ನಾವು ಕಚೇರಿಯೊಂದಕ್ಕೆ ಹೋದೆವು. ಕನ್ನಡ ನಮೂನೆ ಇದೆಯೇ ಎಂದು ಕೇಳಿದ್ದಕ್ಕೆ, ಮುಗಿದಿದೆ ಎಂಬ ಉತ್ತರ ಬಂತು. ಸಿಬ್ಬಂದಿ ತಾವೇ ಮಲಯಾಳ ನಮೂನೆಯನ್ನು ತುಂಬಿ, "ಇವಿಡೆ ಒಪ್ಪಿಡೂ", ಅಂದರೆ ಇಲ್ಲಿ ಸಹಿ ಹಾಕಿ ಎಂದು ಬೆರಳಿಟ್ಟು ತೋರಿಸಿದರು. ಚಿಕ್ಕಮ್ಮ ಕನ್ನಡದಲ್ಲಿ ಸಹಿ ಹಾಕಿದರು. ನನಗೆ ಮಲಯಾಳ ಓದಲು ಬರುತ್ತದೆ. ಆದರೂ ಪಕ್ಕದಲ್ಲೇ ನಿಂತು ಮೊಬೈಲ್ ನೋಡುತ್ತಿದ್ದೆ.

ಪಿಂಚಣಿ ನಿಂತಿತು. ಮೂರನೆಯ ಬಾರಿ ವಿಚಾರಿಸಲು ಹೋದಾಗ, ಸಾಲಿನಲ್ಲಿ ಊರವರು ಹತ್ತಾರು ಮಂದಿ ನಿಂತಿರುವಂತೆಯೇ, "ಮತ್ತೆ ಮದುವೆಯಾಗಿದ್ದೇನೆ ಎಂದು ನೀವೇ ಬರೆದುಕೊಟ್ಟಿದ್ದೀರಲ್ಲ" ಎಂದು ಮೇಜಿನ ಆಚೆಯಿಂದ ಗಟ್ಟಿಯಾಗಿ ಹೇಳಿದರು. ಹಿಂದಿನಿಂದ ಯಾರೋ ನಕ್ಕರು. ಚಿಕ್ಕಮ್ಮ ಆಮೇಲೆ ಆ ಕಚೇರಿಗೆ ಕಾಲಿಡಲಿಲ್ಲ. ಐದು ತಿಂಗಳ ಹಣಕ್ಕಿಂತ ದೊಡ್ಡ ನಷ್ಟ ಅದೇ ಎಂದು ನನಗನಿಸುತ್ತದೆ.

ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ನಮೂನೆಯ ಪ್ರತಿ ತರಿಸಿದೆ. ಅನ್ವಯಿಸದ್ದನ್ನು ಹೊಡೆದುಹಾಕಬೇಕಾದ ಜಾಗದಲ್ಲಿ ನೀಲಿ ಗೆರೆ "ಆಗಿಲ್ಲ" ಎಂಬುದರ ಮೇಲೆ ಬಿದ್ದಿತ್ತು. ಸಹಿಯ ಮೇಲ್ಗಡೆ ಅಚ್ಚಾಗಿದ್ದ ಸಾಲು ಇನ್ನೂ ಚೆನ್ನಾಗಿತ್ತು: "ವಾಯಿಚ್ಚು ಕೇಟ್ಟು ಬೋಧ್ಯಪ್ಪೆಟ್ಟು", ಅಂದರೆ ಓದಿಸಿ ಕೇಳಿ ಮನದಟ್ಟಾಗಿದೆ ಎಂದು. ಯಾರೂ ಓದಿ ಹೇಳಿರಲಿಲ್ಲ.

1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 21ನೆಯ ವಿಧಿ ತನ್ನ ದೇಶದ ಸಾರ್ವಜನಿಕ ಸೇವೆಯನ್ನು ಸಮಾನವಾಗಿ ಪಡೆಯುವ ಹಕ್ಕು ಎಲ್ಲರಿಗೂ ಇದೆ ಎನ್ನುತ್ತದೆ. ಅಷ್ಟು ದೂರ ಹೋಗುವುದೇ ಬೇಡ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳ ಸರ್ಕಾರಿ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ.

ಆದುದರಿಂದ ಕನ್ನಡ ನಮೂನೆ ಮುಗಿದಿದೆ ಎಂದರೆ, ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟು ರಸೀದಿ ಕೇಳಿ. ಮಲಯಾಳ ನಮೂನೆಯೇ ಬೇಕೆಂದು ಪಟ್ಟು ಹಿಡಿದರೆ ಪ್ರತಿ ಸಾಲನ್ನೂ ಓದಿಸಿಕೊಂಡು, "ಈ ಲಿಪಿ ನನಗೆ ಓದಲು ಬರುವುದಿಲ್ಲ, ಓದಿ ಹೇಳಿದ್ದನ್ನು ಕೇಳಿ ಸಹಿ ಮಾಡಿದ್ದೇನೆ" ಎಂದು ಸಹಿಯ ಪಕ್ಕದಲ್ಲೇ ಕನ್ನಡದಲ್ಲಿ ಬರೆಯಿರಿ, ಕೊಡುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ಆದರೆ ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ.

ಆ ಸಿಬ್ಬಂದಿಯನ್ನು ಮಾತ್ರ ದೂರುವ ಧೈರ್ಯ ನನಗಿಲ್ಲ. ನಾನೂ ಬ್ಯಾಂಕೊಂದರ ಕೌಂಟರಿನಲ್ಲಿ ಕುಳಿತು, ಸಾಲು ಉದ್ದವಾದಾಗ ಜಾಮೀನು ಪತ್ರದ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ "ಇಲ್ಲಿ ಒಂದು ಸಹಿ" ಎಂದವನೇ. ಈಗ ಓದಿ ಹೇಳುತ್ತೇನೆ; ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಂದೆ ನಿಂತವರು ಗೊಣಗುತ್ತಾರೆ.

ಪಿಂಚಣಿ ಮತ್ತೆ ಆರಂಭವಾಗಿದೆ. ನಿಂತುಹೋದ ಐದು ತಿಂಗಳ ಹಣಕ್ಕಾಗಿ ಕನ್ನಡದಲ್ಲಿ ಕೊಟ್ಟ ಮನವಿಗೆ ಕಳೆದ ವಾರ ಉತ್ತರ ಬಂತು. ಅದು ಮಲಯಾಳದಲ್ಲಿದ್ದುದರಿಂದ ಚಿಕ್ಕಮ್ಮ ಲಕೋಟೆಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು.