ತೂಕದ ಮಷಿನ್ನೋ, ಟೇಪೋ?

ಮನೆಯಲ್ಲೇ ತೂಕ ಸರಿ ಇದೆಯಾ ಅಂತ ನೋಡಲು ಸುಲಭದ ದಾರಿ ಎರಡು.

ಮೊದಲನೆಯದು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ. 18.5ರಿಂದ 22.9 ಬಂದರೆ ಸರಿ. ಕೆಲವು ಚಾರ್ಟುಗಳಲ್ಲಿ ಮೇಲಿನ ಗಡಿ 24.9 ಅಂತ ಇರುತ್ತದೆ. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ಗಡಿ ಕೆಳಗಿದೆ. 165 ಸೆಂ.ಮೀ. ಎತ್ತರದವರಿಗೆ ಸುಮಾರು 50ರಿಂದ 62 ಕಿಲೋ. ಆದರೆ ಇದಕ್ಕೆ ಸ್ನಾಯುವೂ ಒಂದೇ, ಕೊಬ್ಬೂ ಒಂದೇ. ಕಾರವಾರದ ಬೈತಕೋಲ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತು ಗಟ್ಟಿಯಾದ ಆಳು ಇದರ ಲೆಕ್ಕದಲ್ಲಿ ದಪ್ಪ. ಕುರ್ಚಿ ಬಿಡದೆ ಹೊಟ್ಟೆ ಬೆಳೆಸಿದ ನನ್ನಂಥವನು ಪಾಸು!

ಎರಡನೆಯದು ಸೊಂಟದ ಸುತ್ತಳತೆ. ಟೈಲರ್ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಿರಿ. ಸುಮ್ನೆ ಹೊಟ್ಟೆ ಎಳೆದುಕೊಂಡರೆ ಮೋಸ ನಮಗೇ ಅಲ್ವಾ? ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಜಾಸ್ತಿ ಅಪಾಯದ ಕೊಬ್ಬು ಹೊಟ್ಟೆಯೊಳಗಿನದು, ಅದರ ಸುಳಿವು ಟೇಪಿಗೇ ಚೆನ್ನಾಗಿ ಸಿಗುತ್ತದೆ. ತೀರಾ ತೆಳ್ಳಗಿರುವವರ ಕೊರತೆ ಮಾತ್ರ ಅದಕ್ಕೆ ಕಾಣದು.

ಹಾಗಾಗಿ ಸೊರಗಿದವರು ಬಿಎಂಐ ನೋಡಿ. ಹೊಟ್ಟೆ ಬಂದವರು ಟೇಪು ಹಿಡಿಯಿರಿ. ಬಸುರಿಯರಿಗೆ ಎರಡೂ ಬೇಡ, ಡಾಕ್ಟರನ್ನೇ ಕೇಳಿ.